ನಾಲ್ಕು ಮಗ್ಗದ ತಾಳ

"ವನ್, ಟೂ, ಥ್ರೀ, ಫೋರ್" ಎಂದ ಸ್ವಪ್ನಿಲ. ಹಿಂದೆ ಡ್ರಮ್ಮಿನ ಮುಂದೆ ಕುಳಿತ ಮನಾಲಿಯ ಕೈ ಏಳಲೇ ಇಲ್ಲ. ಗಡಹಿಂಗ್ಲಜದ ಸಭಾಗೃಹದ ತುಂಬ ಸ್ಪರ್ಧೆಗೆ ಬಂದ ಎಂಟು ಶಾಲೆಗಳ ಮಕ್ಕಳು ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು. ಸ್ವಪ್ನಿಲ ಗಿಟಾರು ಹಿಡಿದುಕೊಂಡೇ ಹಿಂದಕ್ಕೆ ತಿರುಗಿದ.

"ಏನಾತ ನಿನಗ? ಬಾರಸ."

"ತಾಳ ಸಿಗವಲ್ದೋ. ಇಲ್ಲಿ ಸಪ್ಪಳನ ಇಲ್ಲ."

ಸಪ್ಪಳವಿಲ್ಲದ್ದೇ ಸಂಕಟ. ಹತ್ತನೇ ಇಯತ್ತೆಯ ಮಕ್ಕಳ ಈ ರಾಕ್ ಬ್ಯಾಂಡು ಹುಟ್ಟಿ ಬೆಳೆದದ್ದೆಲ್ಲ ಇಚಲಕರಂಜಿಯ ಶಹಾಪುರದಲ್ಲಿ, ಮನಾಲಿಯ ಮನೆಯ ಪವರ್‌ಲೂಮ್ ಶೆಡ್ಡಿನ ಮೂಲೆಯಲ್ಲಿ. ನಾಲ್ಕು ಮಗ್ಗಗಳು ಖಟಕ್ ಖಟಕ್ ಎನ್ನುವಾಗ ಅಲ್ಲಿ ಡ್ರಮ್ಮಲ್ಲ, ತೋಪು ಹಾರಿಸಿದರೂ ಯಾರೂ ಕೇಳುವುದಿಲ್ಲ. ಕರೆಂಟು ಹೋಗಿ ಮಗ್ಗ ನಿಂತಾಗ ಬಾರಿಸಿದರೆ ಮಾತ್ರ ಇಡೀ ಗಲ್ಲಿ ಬಂದು ಜಗಳಕ್ಕೆ ನಿಲ್ಲುತ್ತದೆ. ಹೀಗಾಗಿ ಮಗ್ಗದ ಜೊತೆಯಿಲ್ಲದೆ ಮನಾಲಿ ಒಂದೇ ಒಂದು ದಿನವೂ ಬಾರಿಸಿರಲಿಲ್ಲ. ಪುಣ್ಯಾತ್ಗಿತ್ತಿಗೆ ಅದು ಹೊಳೆದದ್ದೂ ಈಗಲೇ, ಇಷ್ಟು ಜನರೆದುರು.

ಬೆಳಿಗ್ಗೆ ಬಸ್ಸಿಗೆ ಹೊರಟಾಗ ಅವ್ವ ಮಂಗಲ ಶೆಡ್ಡಿನಿಂದಲೇ ಕೂಗಿ ಹೇಳಿದ್ದಳು: "ಎರಡ ವರ್ಷ ಆತು, ನೀ ಏನ ಬಾರಸ್ತಿ ಅಂತ ನನಗೊಂದೂ ಕೇಳಿಲ್ಲ. ಇವತ್ತೊಂದ ದಿನ ಬಾರಿಸಿ ಮುಗಸು. ನಾಳಿಂದ ಡ್ರಮ್ ಗುಜರಿಗೆ, ನೀ ಶಾಲಿ ಅಭ್ಯಾಸಕ್ಕ." ಬಂದು ಕೇಳು ಎನ್ನುವ ಹಾಗೂ ಇರಲಿಲ್ಲ. ಬೀಗರು ಬಂದು ಬಾಗಿಲಲ್ಲಿ ನಿಂತರೂ ಮಂಗಲ ಮಗ್ಗ ನಿಲ್ಲಿಸುವವಳಲ್ಲ. ಚಹಾ ಕುಡಿಯಿರಿ ಎಂದು ಕೈಸನ್ನೆಯಲ್ಲೇ ಉಪಚಾರ ಮುಗಿಸುತ್ತಾಳೆ.

ತೀರ್ಪುಗಾರರು ಗಂಟೆ ಒತ್ತಿದರು. ಇನ್ನೊಮ್ಮೆ ಒತ್ತಿದರೆ ವೇದಿಕೆ ಬಿಡಬೇಕು. ಅಷ್ಟರಲ್ಲಿ ಸ್ಪೀಕರುಗಳಿಂದ ರಿಂಗಾಯಿತು. ಕೀಬೋರ್ಡಿನ ಟ್ರ್ಯಾಕ್ ಸ್ವಪ್ನಿಲನ ಫೋನಿನಲ್ಲಿತ್ತು, ಫೋನಿಗೆ ಸ್ಪೀಕರಿನ ವಾಯರು ಹಚ್ಚಿತ್ತು. ಗಾಬರಿಯಲ್ಲಿ ಅವನು ಕೆಂಪು ಒತ್ತಲು ಹೋಗಿ ಹಸಿರು ಒತ್ತಿದ.

ಖಟಕ್ ಖಟಕ್, ಖಟಕ್ ಖಟಕ್! ಸಭಾಗೃಹವೇ ಶೆಡ್ಡಾಯಿತು. ಅದರ ಮೇಲೆ ಮಂಗಲಳ ಕೂಗು: "ಸ್ವಪ್ನ್ಯಾ, ನಿಮ್ಮ ಪಾಳಿ ಬಂತೇನ? ಹುಡುಗಿ ಉಂಡಾಳೇನ?"

ಎಂಟು ಶಾಲೆಗಳೂ ಹೊಟ್ಟೆ ಹಿಡಿದುಕೊಂಡು ನಕ್ಕವು. ಸ್ವಪ್ನಿಲ ನಾಚಿ ನೀರಾಗಿ ಫೋನಿಗೆ ಕೈ ಹಾಕಿದ.

"ಕಟ್ ಮಾಡಬ್ಯಾಡೋ!" ಎಂದಳು ಮನಾಲಿ. ಅವಳ ಕೈ ಆಗಲೇ ಎದ್ದಿತ್ತು.

ಮಗ್ಗದ ತಾಳಕ್ಕೆ ಡ್ರಮ್ಮು ಬಿತ್ತು, ಡ್ರಮ್ಮಿಗೆ ಗಿಟಾರು ಬಿತ್ತು. ನಗುತ್ತಿದ್ದವರೇ ಚಪ್ಪಾಳೆಗೆ ಇಳಿದರು. ಮನಾಲಿಗೆ ಹೋದ ಜೀವ ಬಂದಂತಾಯಿತು. ಮೊದಲ ನುಡಿ ಮುಗಿದು ಎರಡನೆಯದಕ್ಕೆ ಹೊರಳುವಾಗ ಸ್ಪೀಕರಿನಲ್ಲಿ ಮತ್ತೆ ಅವ್ವನ ದನಿ: "ಅದೇನ, ಡ್ರಮ್ ಏನ? ತಡೀರಿ, ಏನೂ ಕೇಳವಲ್ದು."

ಒಂದು ಮಗ್ಗ ನಿಂತಿತು. ಎರಡನೆಯದು ನಿಂತಿತು. ಮೂರು. ನಾಲ್ಕು.

ಮುಗೀತು ಎಂದುಕೊಂಡು ಮನಾಲಿ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣೊಳಗೇ ತಾಳವೊಂದು ನಡೆದೇ ಇತ್ತು. ಎಲ್ಲಿಂದ ಎಂದು ಕಣ್ಣು ಬಿಟ್ಟು ನೋಡಿದರೆ, ಅವಳದೇ ಕೈಗಳು.

ಹುಟ್ಟಿದಾಗಿನಿಂದ ಅವಳು ಅವ್ವನ ಕೂಗನ್ನಷ್ಟೇ ಕೇಳಿದ್ದಳು. ಈಗ ಸ್ಪೀಕರಿನಿಂದ ಬಂದದ್ದು ಮೆಲ್ಲಗಿನ ದನಿ:

"ಹಾಂ, ಈಗ ಕೇಳಸ್ತು. ನಿಲ್ಲಸಬ್ಯಾಡವ್ವಾ."