ಬಾಲದ ರೆಪ್ಪೆ

ವಿಮಾನದ ಬಾಲದ ನಾಲ್ಕನೆಯ ಬೋಲ್ಟು ಬಿಗಿದು, ಅದಕ್ಕೆ ಪಿನ್ನು ಚುಚ್ಚಿ, ಗಂಡ ಮೊಣಕಾಲು ಕೊಡವಿಕೊಂಡು ಎದ್ದ. "ಮುಗೀತು. ಬಂದು ನೋಡೋಕೆ ಹೇಳು ಅವಳಿಗೆ," ಎಂದು ಷಡ್ಡಕನಿಗೆ ಹೇಳಿದ. ಹೆಂಡತಿ ಎರಡು ಮಾರು ದೂರದಲ್ಲೇ, ಟ್ರೇಲರಿನ ಅಂಚಿನ ಮೇಲೆ ಕೂತಿದ್ದಳು.

"ಅತ್ತಿಗೆ, ಬಂದು ನೋಡ್ಬೇಕಂತೆ," ಎಂದ ಷಡ್ಡಕ.

"ಕೇಳಿಸ್ತು ಅಂತ ಹೇಳಿ."

"ಕೇಳಿಸ್ತಂತೆ, ಭಾವ."

ಗಂಡ ಹೆಂಡತಿಯ ನಡುವೆ ಮಾತು ನಿಂತು ಐದು ದಿನವಾಗಿತ್ತು. ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಗಂಡ, ಆಮೇಲಿನ ನಾಲ್ಕು ವರ್ಷ ಮನೆಯ ಶೆಡ್ಡಿನಲ್ಲಿ ಕೂತು ಈ ಪುಟ್ಟ ವಿಮಾನ ಕಟ್ಟಿದ್ದ. ಎರಡು ಸೀಟು, ಒಂದು ಎಂಜಿನ್ನು. ಮಿಕ್ಕಿದ್ದೆಲ್ಲ ಕೊಳವೆ ಮತ್ತು ಬಟ್ಟೆ. ಬಟ್ಟೆಯನ್ನು ಪೂರ್ತಿ ಹೊಲಿದವಳು ಅವಳು, ಟೈಲರಿಂಗ್ ಅವಳ ಕಸುಬು. ಎರಡನೇ ಸೀಟು ಅವಳದೆಂದು ಮೊದಲೇ ಮಾತಾಗಿತ್ತು. ಹೋದ ವಾರ ಅದರಲ್ಲಿ ಮೊದಲು ಕೂತು ಹಾರಿ ಬಂದವನು ಷಡ್ಡಕ. ಅಕ್ಕನನ್ನು ಯಾಕೆ ಕರೆದುಕೊಂಡು ಹೋಗಲಿಲ್ಲ ಎಂದು ಅವಳ ತಂಗಿ ಕೇಳಿದಳು. ಊಟದ ಮೇಜಿನ ಸುತ್ತ ಎಲ್ಲರೂ ಇರುವಾಗಲೇ ಗಂಡ, "ನಿಮ್ಮಕ್ಕ ಕೂತ್ರೆ ಅದು ಎದ್ದೇಳಬೇಕಲ್ಲ!" ಎಂದ. ಎಲ್ಲರೂ ನಕ್ಕರು. ಷಡ್ಡಕ ಸ್ವಲ್ಪ ಜಾಸ್ತಿಯೇ ನಕ್ಕ.

ಬಾಲ ಕಳಚದೆ ವಿಮಾನ ಟ್ರೇಲರಿನಲ್ಲಿ ಹಿಡಿಸುತ್ತಿರಲಿಲ್ಲ. ಮನೆಯಲ್ಲಿ ಕಳಚಬೇಕು, ಮೈದಾನಕ್ಕೆ ಬಂದು ಜೋಡಿಸಬೇಕು. ಬಾಲದ ಹಿಂತುದಿಯಲ್ಲಿ ಕಣ್ಣಿನ ರೆಪ್ಪೆಯ ಹಾಗೆ ಮೇಲೆ ಕೆಳಗೆ ಆಡುವ ಪಟ್ಟಿಯೊಂದಿದೆ. ಅದನ್ನು ಆಡಿಸುವ ಎರಡು ವೈರುಗಳು ಅದಲುಬದಲಾಗಬಾರದೆಂದು, ಕಳಚುವಾಗ ಅವಳು ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ ದಾರ ಕಟ್ಟುತ್ತಿದ್ದಳು. ಈ ಸಲ ಅವನೊಬ್ಬನೇ ಕಳಚಿದ್ದ. ದಾರ ಕೇಳಬೇಕಾದರೆ ಮಾತಾಡಬೇಕಿತ್ತು.

ಅವಳು ಎದ್ದು ಬಂದು ಬೋಲ್ಟುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದಳು. ನಾಲ್ಕೂ ಬಿಗಿಯಾಗಿದ್ದವು. ಅಷ್ಟರಲ್ಲಿ ಮೈದಾನದ ಆ ತುದಿಗೆ ಮೇಕೆಗಳು ನುಗ್ಗಿದವು. ಅವನ್ನು ಓಡಿಸಲು ಷಡ್ಡಕ ಹೋದ. ಗಂಡ ಹತ್ತಿ ಕೂತು, ಬೆಲ್ಟು ಕಟ್ಟಿ, ಕಾಲುಗಳ ನಡುವಿನ ಸ್ಟಿಕ್ಕನ್ನು ತನ್ನ ಕಡೆಗೆ ಎಳೆದ.

ರೆಪ್ಪೆ ಮೇಲೇಳಬೇಕಿತ್ತು. ಕೆಳಗಿಳಿಯಿತು.

"ಮೇಲೆ ತಾನೇ?" ಅವನು ಕೂತಲ್ಲಿಂದಲೇ, ಗಾಳಿಯನ್ನು ಕೇಳುವವನಂತೆ ಕೇಳಿದ.

ಅವಳು ಬೋಲ್ಟಿನ ಮೇಲಿಂದ ಬೆರಳು ತೆಗೆದಳು.

"ನಿನ್ನೇ ಕೇಳ್ತಿರೋದು. ಮೇಲೆ ತಾನೇ?"

ಅವಳು ರೆಪ್ಪೆಯನ್ನು ನೋಡಿದಳು. ಅವನ ಹಿಂಗತ್ತನ್ನು ನೋಡಿದಳು. ಕಾಲರಿನ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ದೂರದಲ್ಲಿ ಷಡ್ಡಕ "ಹೋ, ಹೋ" ಎಂದು ಮೇಕೆಗಳ ಹಿಂದೆ ಓಡುತ್ತಿದ್ದ. ಕಂಡಕ್ಟರು ರೈಟ್ ಅನ್ನದೆ ಒಂದು ದಿನವೂ ಬಸ್ಸು ಬಿಡದಿದ್ದವನು, ಇದು ಅವಳ ಹಟವೆಂದುಕೊಂಡು ಹೆಲ್ಮೆಟ್ಟು ಹಾಕಿ ಕೀಲಿಗೆ ಕೈ ಹಾಕಿದ.

"ಕೆಳಗೆ," ಎಂದಳು.

"ಏನು ಕೆಳಗೆ?"

"ನೀವು ಎಳೆದಾಗ ಕೆಳಗೆ ಹೋಯ್ತು."

"ನಾನು ತಳ್ಳಿರ್ಬೇಕು."

"ಎಳೆದ್ರಿ."

"ಐದು ದಿನ ಆದ್ಮೇಲೆ ಬಾಯಿ ಬಿಟ್ಟಿದೀಯ, ಅದೂ ತಪ್ಪು ಹುಡುಕೋಕೆ?"

"ಇಳಿದು ಬನ್ನಿ. ನಾನು ಕೂತ್ಕೋತೀನಿ."

ಅವಳು ಕೂತು ಸ್ಟಿಕ್ಕು ಎಳೆದಳು. ಅವನು ಹಿಂದೆ ನಿಂತು ನೋಡಿದ. ಇನ್ನೊಮ್ಮೆ ಎಳೆಯಲು ಹೇಳಿದ, ನೋಡಿದ. ಆಮೇಲೆ ಹುಲ್ಲಿನ ಮೇಲೆ ಕೂತುಬಿಟ್ಟ. ವೇಗ ಹಿಡಿದ ಮೇಲೆ ಮೂಗೆತ್ತಲೆಂದು ಎಳೆದಿದ್ದರೆ ಮೂಗು ಬಗ್ಗುತ್ತಿತ್ತು. ಗಾಬರಿಯಾಗಿ ಇನ್ನೂ ಜೋರಾಗಿ ಎಳೆದಿದ್ದರೆ ಇನ್ನೂ ಬಗ್ಗುತ್ತಿತ್ತು.

ಎರಡೂ ವೈರುಗಳನ್ನು ಬಿಚ್ಚಿ ಮತ್ತೆ ಹಾಕುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಅವನ ಕೈಯಿಂದ ಪಿನ್ನು ಎರಡು ಸಲ ಹುಲ್ಲಿಗೆ ಬಿತ್ತು. ಮೂರನೆಯ ಸಲ ಅವಳು ಇಕ್ಕಳವನ್ನು ಕಿತ್ತುಕೊಂಡು ತಾನೇ ಚುಚ್ಚಿದಳು. ಚೀಲದಿಂದ ದಾರದ ಉಂಡೆಗಳನ್ನು ತೆಗೆದು ಕೆಂಪು, ನೀಲಿ ಕಟ್ಟಿದಳು.

"ತಂದಿದ್ಯಾ?" ಎಂದ.

"ಯಾವಾಗ್ಲೂ ತರ್ತೀನಿ."

ಅವನು ಕೆಂಪು ದಾರದ ಗಂಟನ್ನು ಬೆರಳಿನಿಂದ ಸವರಿದ. "ಅವತ್ತು ನಾನು ಹಾಗೆ ಅನ್ಬಾರದಿತ್ತು."

"ಹೂಂ."

"ಆದ್ರೂ ಎರಡು ಸಲ ಕೇಳಿದ್ನಲ್ಲ. ಆಗ್ಲೇ ಯಾಕೆ ಹೇಳ್ಲಿಲ್ಲ?"

"ಯೋಚನೆ ಮಾಡ್ತಿದ್ದೆ."

"ಏನು?"

"ಹೇಳೋದಾ ಬೇಡ್ವಾ ಅಂತ."

ತಮಾಷೆ ಇರಬಹುದೆಂದು ಅವನು ಅವಳ ಮುಖ ನೋಡಿದ. ಗಿರಾಕಿಯ ತೋಳಿನ ಅಳತೆ ತೆಗೆಯುವಾಗ ಇರುವಂಥದೇ ಮುಖ. ಅವಳು ಇಕ್ಕಳ ಒರೆಸಿ ಪೆಟ್ಟಿಗೆಗೆ ಹಾಕಿದಳು.

ಅವನು ಮತ್ತೆ ಹತ್ತಿ ಕೂತು ಬೆಲ್ಟು ಕಟ್ಟಿದ. ಸ್ಟಿಕ್ಕು ಎಳೆದ.

"ಮೇಲೆ," ಎಂದಳು, ಅವನು ಕೇಳುವುದಕ್ಕೆ ಮೊದಲೇ.

ತಳ್ಳಿದ.

"ಕೆಳಗೆ."

"ಸರಿಯಾಗಿ ನೋಡಿದ್ಯಾ?"

"ನೋಡ್ದೆ. ಸರಿಯಾಗಿದೆ. ಹೊರಡಿ."

ಆ ತುದಿಯಿಂದ ಷಡ್ಡಕ ಎರಡೂ ಕೈ ಎತ್ತಿ ಬೀಸಿದ, ಮೇಕೆಗಳು ಹೋಗಿದ್ದವು. ಮೈದಾನ ಖಾಲಿ, ಗಾಳಿ ನೆಟ್ಟಗೆ ಎದುರಿನಿಂದ ಬರುತ್ತಿತ್ತು. ಗಂಡ ಕೀಲಿಯ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಬೆಲ್ಟು ಬಿಚ್ಚಿದ, ಇಳಿದ, ಅವಳ ಕಡೆ ನೋಡದೆ ರೆಕ್ಕೆಯನ್ನು ಬಳಸಿಕೊಂಡು ಹಿಂದಕ್ಕೆ ಹೋಗಿ ಬಾಲದ ಎದುರು ನಿಂತ. ಸ್ವಂತ ಕಣ್ಣಿನಿಂದ ಒಮ್ಮೆ ನೋಡಿಬಿಡೋಣ ಎಂದು ಅವನಿಗೆ ಅನಿಸಿತ್ತು.

ಅವಳು ಬಾಲದ ಪಕ್ಕದಲ್ಲೇ ನಿಂತಿದ್ದಳು, ಮುಂದೆ ಸ್ಟಿಕ್ಕು ಹಿಡಿಯುವವರು ಯಾರೂ ಇರಲಿಲ್ಲ. ರೆಪ್ಪೆ ಅಲುಗದೆ ನಿಂತಿತ್ತು.