ಬಿಸಿಮೂಲೆಯ ಮದುಮಗಳು

ಮದುವೆಯ ಬಿಳಿ ಗೌನನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ಒಡಾಲಿಸ್ ಗುಲಾಬಿ ಬಣ್ಣದ ಬಾಡಿಗೆ ಕಾರಿನಿಂದ ಹವಾನಾದ ನಡುಚೌಕಕ್ಕೆ ಧುಮುಕಿದಾಗ, ಅವಳ ಅಪ್ಪ ಎವೆಲಿಯೊ ಅಮೃತಶಿಲೆಯ ಬೆಂಚಿನ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದ. "ಔಟ್! ಅವತ್ತೂ ಔಟ್, ಇವತ್ತೂ ಔಟ್, ನಾನು ಸತ್ತ ಮೇಲೂ ಔಟ್!" ಮದುವೆಗೆಂದು ಇಸ್ತ್ರಿ ಮಾಡಿಸಿದ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಸುತ್ತ ನೆರೆದ ಗಂಡಸರು ಒಬ್ಬರ ಮೂಗಿಗೆ ಒಬ್ಬರು ಬೆರಳು ತಿವಿಯುತ್ತ ಅಷ್ಟೇ ಜೋರಾಗಿ ಅರಚುತ್ತಿದ್ದರು. ಹೊಸಬರು ನೋಡಿದರೆ ಇನ್ನೇನು ಕೊಲೆ ಬಿತ್ತು ಅಂದುಕೊಳ್ಳಬೇಕು. ಹಾಗೇನೂ ಇಲ್ಲ. ಚೌಕದ ಈ ಮಗ್ಗುಲಿಗೆ ಬಿಸಿಮೂಲೆ ಎಂದೇ ಹೆಸರು. ಬೆಳಗಾದರೆ ಇಲ್ಲಿ ಬೇಸ್‌ಬಾಲಿನ ಜಗಳ. ಏಟು ಬಿದ್ದದ್ದನ್ನು ಮಾತ್ರ ಯಾರೂ ಕಂಡಿಲ್ಲ.

"ಅಪ್ಪಾ! ಮದುವೆ ಆಫೀಸಲ್ಲಿ ಇನ್ನೇನು ನಮ್ಮ ಹೆಸರು ಕೂಗ್ತಾರೆ. ಐಸ್ ತರ್ತೀನಿ ಅಂತ ಹೋದವನು ನೀನು!"

"ಬಂದೆ ಮಗಳೇ. ಈ ಕತ್ತೆಗಳಿಗೆ ಒಂದೇ ಒಂದು ವಿಷಯ ಒಪ್ಪಿಸಿ ಬಂದುಬಿಟ್ಟೆ."

"ಒಪ್ಪಿಸೋದಾ? ಈ ಚೌಕದಲ್ಲಿ ಯಾರು ಯಾವತ್ತು ಯಾರ ಮಾತು ಒಪ್ಪಿದಾರೆ?"

"ಹಾಗನ್ನು ಹುಡುಗಿ!" ಎಂದ ಕ್ಷೌರದಂಗಡಿಯ ಫಿಲಿಬೆರ್ತೊ. "ಮೊದಲು ಇಲ್ಲಿ ಸ್ಪೇನಿನ ರಾಣಿಯ ಪ್ರತಿಮೆ ಇತ್ತು. ಇಳಿಸಿದ್ರು. ಆಮೇಲೆ ಯಾರನ್ನ ನಿಲ್ಲಿಸೋದು ಅಂತ ಜಗಳ ಹರೀಲಿಲ್ಲ, ಜನ ಪತ್ರಿಕೆಗೆ ಓಟು ಬರೆದು ಕಳಿಸಬೇಕಾಯ್ತು. ಗೆದ್ದು ನಿಂತ ನಮ್ಮ ಸ್ವಾತಂತ್ರ್ಯವೀರ ಮಾರ್ತಿ ಏನು ಮಾಡ್ತಿದಾನೆ ನೋಡು. ಕೈ ಎತ್ತಿ ಎಲ್ಲರಿಗೂ ಔಟ್ ಕೊಡ್ತಿದಾನೆ!"

ಗುಂಪು ಪ್ರತಿಮೆಯತ್ತ ತಿರುಗಿ ಘೊಳ್ಳೆಂದಿತು.

ಜಗಳದ ಬೇರು ಇಪ್ಪತ್ತು ವರ್ಷ ಹಳೆಯ ಒಂದು ಫೈನಲ್ ಪಂದ್ಯದಲ್ಲಿತ್ತು. ಕೊನೇ ಗಳಿಗೆಯಲ್ಲಿ ಸಾಂತಿಯಾಗೊ ತಂಡದವನೊಬ್ಬ ಧೂಳೆಬ್ಬಿಸಿಕೊಂಡು ಕೊನೆಯ ಬೇಸ್‌ಗೆ ಜಾರಿ ಬಂದ. ಅಂಪೈರ್ ನಾಟೌಟ್ ಅಂದ, ಆ ಒಂದು ರನ್ನಿಗೆ ಹವಾನಾ ಸೋತಿತು. ಬಿಸಿಮೂಲೆಯವರಲ್ಲಿ ಅವತ್ತು ಕ್ರೀಡಾಂಗಣದಲ್ಲಿದ್ದವನು ಎವೆಲಿಯೊ ಒಬ್ಬನೇ. ಹಾಗಾಗಿ ಅವನ ಮಾತಿಗೆ ಇಲ್ಲಿ ಒಂದು ತೂಕ. ಮಗಳೋ, ಹೋಗಿ ಹೋಗಿ ಸಾಂತಿಯಾಗೊದ ಹುಡುಗನನ್ನೇ ಹುಡುಕಿಕೊಂಡಿದ್ದಳು. ಎವೆಲಿಯೊ ಇವತ್ತಿನವರೆಗೂ ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ.

ಆ ಹುಡುಗ ಯೊಯೆಲ್ ಈಗ ಟೈ ಸಡಿಲಿಸುತ್ತ ಕಾರಿನಿಂದ ಇಳಿದು ಬಂದ.

"ಬಾರಯ್ಯಾ, ಬಾ," ಎಂದು ಎವೆಲಿಯೊ ಬೆಂಚಿನ ಮೇಲಿನಿಂದಲೇ ಕರೆದ. "ನಿಮ್ಮೂರಿನ ವಿಷಯ, ನೀನೇ ಹೇಳು. ಔಟೋ, ನಾಟೌಟೋ?"

ಬಿಸಿಮೂಲೆ ತಣ್ಣಗಾಯಿತು. ಯೊಯೆಲ್ ಕೈಗಡಿಯಾರ ನೋಡಿದ, ಒಡಾಲಿಸಳ ಮುಖ ನೋಡಿದ.

"ಔಟ್, ಮಾವ."

"ಏನಂದೆ?"

"ಔಟೇ. ಅನುಮಾನವೇ ಇಲ್ಲ."

ಎವೆಲಿಯೊ ಬೆಂಚಿನ ಮೇಲೆ ದೊಪ್ಪನೆ ಕೂತ. "ನೋಡಿದ್ರೇನ್ರೋ? ಒಂದು ಹುಡುಗಿಗೋಸ್ಕರ ಹುಟ್ಟಿದೂರನ್ನೇ ಬಿಟ್ಟುಕೊಟ್ಟ! ನಾಳೆ ಇನ್ನೊಬ್ಬಳಿಗೋಸ್ಕರ ನನ್ನ ಮಗಳನ್ನ ಬಿಡಲ್ಲ ಅಂತ ಏನು ಗ್ಯಾರಂಟಿ? ನಾನು ಮದುವೆಗೆ ಬರಲ್ಲ."

"ನಾಟೌಟ್ ಅಂದಿದ್ರೆ ಬರ್ತಿದ್ರಾ ಮಾವ?"

"ಆಗಲೂ ಬರ್ತಿರ್ಲಿಲ್ಲ!"

ಒಡಾಲಿಸ್ ಹೈಹೀಲ್ಸ್ ಕಳಚಿ ವರನ ಕೈಗಿತ್ತಳು. ಗೌನು ಎತ್ತಿಕೊಂಡು ಬೆಂಚು ಹತ್ತಿದಳು.

"ನಾಟೌಟ್!" ಎಂದು ಅವಳು ಕೂಗಿದ ಏಟಿಗೆ ತಾಳೆಮರದ ಪಾರಿವಾಳಗಳೆಲ್ಲ ಎದ್ದವು. "ನಾನೂ ಅವತ್ತು ಅಲ್ಲಿದ್ದೆ. ಆರು ವರ್ಷ ನನಗೆ. ಅಪ್ಪನ ಹೆಗಲ ಮೇಲೆ ಕೂತಿದ್ದೆ. ಆ ಓಟಗಾರ ಹಾಗೆ ಜಾರಿ ಬಂದಾಗ ಹೆದರಿ ಎರಡೂ ಕೈಲಿ ಇವನ ಕಣ್ಣು ಮುಚ್ಚಿಬಿಟ್ಟೆ. ಹೌದೋ ಅಲ್ವೋ, ಹೇಳಪ್ಪಾ! 'ಬಿಡೇ, ಬಿಡೇ' ಅಂತ ನೀನು ಬೊಬ್ಬೆ ಹೊಡೆದಿದ್ದು ಸುಳ್ಳಾ? ಬಿಟ್ಟಾಗ ನಿನಗೆ ಕಂಡಿದ್ದು ಬರೀ ಧೂಳು!"

ಇಪ್ಪತ್ತು ವರ್ಷ ಹೇಳಿ ಹೇಳಿ, ತಾನು ನೋಡಿಲ್ಲ ಎಂಬುದು ಎವೆಲಿಯೊಗೇ ಮರೆತುಹೋದಂತಿತ್ತು. ಆಮೇಲೆ ಅವನ ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾನೆ ಎಂದು ಒಡಾಲಿಸ್ ಗಾಬರಿಯಿಂದ ಬಗ್ಗಿ ನೋಡಿದರೆ, ಮುದುಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಇದು ನಿಮ್ಮಮ್ಮನಿಗೆ ಮಾತ್ರ ಗೊತ್ತಿತ್ತು ಕಣೇ," ಎಂದ ಕಣ್ಣೊರೆಸಿಕೊಳ್ಳುತ್ತ. "ಪುಣ್ಯಾತ್ಗಿತ್ತಿ, ಬಾಯಿ ಬಿಡದೆ ಹೋದಳು."

"ಇಪ್ಪತ್ತು ವರ್ಷ ಕಣ್ಣು ಮುಚ್ಕೊಂಡವನ ಸಾಕ್ಷಿ ನಂಬಿದ್ವಲ್ರೋ!" ಎಂದು ಫಿಲಿಬೆರ್ತೊ ತಲೆ ಚಚ್ಚಿಕೊಂಡ. ಟೋಪಿಗಳು ಮೇಲಕ್ಕೆ ಹಾರಿದವು. ನಾಲ್ಕೈದು ಜನ ಎವೆಲಿಯೊನನ್ನು ಮೂಟೆಯಂತೆ ಎತ್ತಿ ತಂದು ಕಾರಿನ ಹಿಂದಿನ ಸೀಟಿಗೆ ಹಾಕಿದರು. ಅವನು ಯೊಯೆಲ್‌ನನ್ನು ಮೊಣಕೈಯಿಂದ ತಿವಿದ. "ಸರಿಯೋ ಅತ್ಲಾಗೆ, ಯೊಯೆಲ್. ನೀನೂ ಸುಳ್ಳ, ನಾನೂ ಸುಳ್ಳ. ಹೊಂದಿಕೊಂಡು ಹೋಗೋಣ."

ಕಾರು ಹಾರನ್ ಬಾರಿಸುತ್ತ ಚೌಕಕ್ಕೆ ಒಂದು ಸುತ್ತು ಹಾಕಿತು. ಬಿಸಿಮೂಲೆಯ ಗಂಡಸರೆಲ್ಲ ಹಿಂದೆಯೇ ಓಡಿ ಬಂದರು, ಆರು ವರ್ಷದ ಮಗುವಿನ ಸಾಕ್ಷಿ ನಡೆಯುತ್ತದೋ ಇಲ್ಲವೋ ಎಂದು ಓಡುತ್ತಲೇ ಕಿತ್ತಾಡುತ್ತ.

ಮದುವೆ ಆಫೀಸಿನ ಮೆಟ್ಟಿಲ ಬಳಿ ಬಗ್ಗಿ ಅವಳಿಗೆ ಚಪ್ಪಲಿ ತೊಡಿಸುತ್ತ ಯೊಯೆಲ್ ಪಿಸುಗುಟ್ಟಿದ. "ನಿಜ ಹೇಳು, ನೀನು ಕಣ್ಣಾರೆ ನೋಡಿದ್ಯಾ?"

"ನಾನೆಲ್ಲಿ ನೋಡ್ಲಿ? ಹೆದರಿಕೆಗೆ ಅಪ್ಪನ ಕೂದಲಲ್ಲಿ ಮುಖ ಹುದುಗಿಸ್ಕೊಂಡಿದ್ದೆ," ಎಂದಳು ಒಡಾಲಿಸ್. ಒಂದು ಮೆಟ್ಟಿಲು ಹತ್ತಿ, ತಿರುಗಿ, ಅವನ ಎದೆಗೆ ಬೆರಳು ತಿವಿದಳು. "ಆದರೂ ನಾಟೌಟೇ."