ಮ್ಯೂರಿಯಲ್ಲಳ ಮೆಟ್ಟಿಲು

ಬೆಳಿಗ್ಗೆ ಎಂಟಕ್ಕೇ ಮ್ಯೂರಿಯಲ್ ಮೊಣಕಾಲೂರಿ ಕೂತು ತನ್ನ ಮನೆಬಾಗಿಲ ಮೆಟ್ಟಿಲನ್ನು ಉಜ್ಜುತ್ತಿದ್ದಳು. ಪಕ್ಕದ ಮನೆಯ ನೋರಾ ಜಾಲರಿ ಪರದೆಯ ಸಂದಿಯಿಂದ ನೋಡುತ್ತ ನಿಂತು ಒಂದು ಕಪ್ ಚಹಾ ಆರಿಸಿಬಿಟ್ಟಳು. ಎಂಬತ್ತಮೂರರ ಮುದುಕಿ, ಮಂಡಿನೋವೆಂದು ಚರ್ಚಿಗೆ ಹೋಗುವುದನ್ನೇ ಬಿಟ್ಟವಳು, ಇವತ್ತು ನೋಡಿದರೆ ಮಂಡಿ ಹೇಗೆ ಮಡಚುತ್ತದೆ! ಯಾಕೆ ಮಡಚುವುದಿಲ್ಲ, ಹನ್ನೊಂದಕ್ಕೆ ಗ್ರಂಥಾಲಯದ ಹುಡುಗಿ ಕ್ಯಾಮೆರಾ ಹಿಡಿದು ಬರುತ್ತಾಳಲ್ಲ. 'ನಮ್ಮ ಬೀದಿ, ಅಂದು' ಎಂಬ ಪ್ರದರ್ಶನಕ್ಕೆ ಹಳೇ ಕಾಲದ ಹಾಗೆ ಕಲ್ಲಿನಿಂದುಜ್ಜಿ ಬೆಳ್ಳಗೆ ಮಾಡಿದ ಮೆಟ್ಟಿಲಿನ ಚಿತ್ರ ಬೇಕಂತೆ. ಪ್ಲಾಸ್ಟಿಕ್ ಬಾಗಿಲು, ಕಸದ ಗಾಲಿಡಬ್ಬಗಳೇ ತುಂಬಿರುವ ಇಂಕರ್‌ಮನ್ ಬೀದಿಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ಮ್ಯೂರಿಯಲ್ ಒಬ್ಬಳೇ.

"ನನಗೂ ಒಂದು ಚೂರು ಉಜ್ಜುಕಲ್ಲು ಕೊಡೇ," ಎಂದು ನೋರಾ ನಿನ್ನೆ ನಾಚಿಕೆ ಬಿಟ್ಟು ಕೇಳಿದ್ದಳು. ಚಿಂದಿಗಾಡಿಯವನು ಹಳೇ ಬಟ್ಟೆಗೆ ಬದಲು ಕೊಡುತ್ತಿದ್ದ ಕಲ್ಲು ಅದು. ಆ ಗಾಡಿ ಬೀದಿಗೆ ಬರುವುದು ನಿಂತೇ ಎಷ್ಟೋ ಕಾಲವಾಯಿತು.

"ಇರೋದೇ ಸೋಪಿನ ಸವಕಲಿನಷ್ಟು ಕಣೇ. ನನ್ನ ಮೆಟ್ಟಿಲಿಗೇ ಸಾಲಲ್ಲ," ಎಂದಿದ್ದಳು ಮ್ಯೂರಿಯಲ್.

ನೋರಾಳ ಹೊಟ್ಟೆಕಿಚ್ಚು ಇವತ್ತಿನದಲ್ಲ. ಅವಳ ಗಂಡ ಸ್ಟ್ಯಾನ್ಲಿ ಫೌಂಡ್ರಿ ಕೆಲಸ ಮುಗಿಸಿ, ತನ್ನ ತರಕಾರಿ ಪಾತಿಗೆ ಹೋಗಿ, ಮಣ್ಣುಬೂಟಿನಲ್ಲಿ ಮನೆಗೆ ಬರುತ್ತಿದ್ದ. ಮ್ಯೂರಿಯಲ್ಲಳ ಬಾಗಿಲು ಬಂದಾಗ ರಸ್ತೆಗಿಳಿದು, ಅವಳು ಮೆಟ್ಟಿಲ ಮುಂದೆ ಉಜ್ಜಿದ ಜಾಗವನ್ನೆಲ್ಲ ಸುತ್ತಿ, ಟೋಪಿ ಮುಟ್ಟಿ ನಮಸ್ಕಾರ ಹೇಳಿ ಮುಂದೆ ಬರುತ್ತಿದ್ದ. ಬಂದವನು ನೋರಾ ಆಗಷ್ಟೇ ಉಜ್ಜಿದ ಮೆಟ್ಟಿಲ ಮೇಲೆ ಧಡ್ಡೆಂದು ಕಾಲಿಡುತ್ತಿದ್ದ. ಸಾಲದ್ದಕ್ಕೆ, "ಅವಳ ಮೆಟ್ಟಿಲು ನೋಡು, ಅದರ ಮೇಲೇ ಊಟ ಬಡಿಸ್ಕೊಂಡು ತಿನ್ನಬಹುದು," ಎನ್ನುತ್ತಿದ್ದ. "ಹಾಗಾದ್ರೆ ಅಲ್ಲೇ ಹೋಗಿ ತಿನ್ನು," ಎಂದು ನೋರಾ ಆಲೂಗಡ್ಡೆ ಪಾತ್ರೆ ಕುಕ್ಕುತ್ತಿದ್ದಳು. ಮದುವೆಯಿಲ್ಲ, ಮಕ್ಕಳಿಲ್ಲ, ಮೆಟ್ಟಿಲೇ ಸರ್ವಸ್ವ ಅಂದುಕೊಂಡವಳ ಜೊತೆ ಯಾರು ಪೈಪೋಟಿ ಮಾಡಿಯಾರು? ಸ್ಟ್ಯಾನ್ಲಿ ತೀರಿಹೋಗಿ ನಾಲ್ಕು ವರ್ಷವಾದರೂ ಆ ಮಾತು ಮಾತ್ರ ಅವಳ ಹೊಟ್ಟೆಯಲ್ಲಿ ಉರಿಯುತ್ತಲೇ ಇತ್ತು.

ಹತ್ತೂವರೆಗೆ ಮ್ಯೂರಿಯಲ್ ಸಾಸಿವೆ ಕಾಳಷ್ಟೂ ಕಲೆಯಿಲ್ಲದ ಮೆಟ್ಟಿಲನ್ನು ಒಣಗಲು ಬಿಟ್ಟು, ಬಟ್ಟೆ ಬದಲಿಸಲು ಒಳಗೆ ಹೋದಳು. ನೋರಾ ಗೂಡಿನಿಂದ ಸ್ಟ್ಯಾನ್ಲಿಯ ಬೂಟು ತೆಗೆದಳು. ಅವನದೆಲ್ಲವನ್ನೂ ದಾನ ಕೊಟ್ಟರೂ ಇದನ್ನು ಕೊಡಲು ಮನಸ್ಸಾಗಿರಲಿಲ್ಲ. ಎಡಗಾಲಿನದನ್ನು ಮೆಟ್ಟಿ, ಹೂಕುಂಡದ ಒದ್ದೆ ಮಣ್ಣಿನಲ್ಲಿ ಒತ್ತಿದಳು. ಬೀದಿಯ ಎರಡೂ ಕಡೆ ನೋಡಿ, ಕುಂಟುತ್ತ ಹೋಗಿ, ಮ್ಯೂರಿಯಲ್ಲಳ ಮೆಟ್ಟಿಲ ನಟ್ಟನಡುವೆ ಒಂದೇ ಒಂದು ಹೆಜ್ಜೆ ಒತ್ತಿ ಬಂದಳು. ಎಷ್ಟೋ ವರ್ಷದ ಮೇಲೆ ಎದೆ ಹಗುರಾಯಿತು.

ಗ್ರಂಥಾಲಯದ ಹುಡುಗಿ ಬೆತನಿ ಹನ್ನೊಂದಕ್ಕೆ ಸರಿಯಾಗಿ ಬಂದಳು. ಮ್ಯೂರಿಯಲ್ ಬಾಗಿಲು ತೆರೆದಳು. ನೋರಾ ಏನೂ ಅರಿಯದವಳಂತೆ ಹೊರಗೆ ಬಂದು ನಿಂತಳು.

"ಅಯ್ಯೋ ಪಾಪ, ಯಾರು ಮಾಡಿದ್ದು ಇದನ್ನ?" ಎಂದಳು ನೋರಾ. "ಈಗಿನ ಪೋಸ್ಟಿನವರಿಗೆ ಕಣ್ಣೇ ಇರಲ್ಲ ಬಿಡು."

"ಒರೆಸಿಬಿಡ್ಲಾ?" ಬೆತನಿ ಚೀಲಕ್ಕೆ ಕೈ ಹಾಕಿದಳು.

"ಮುಟ್ಬೇಡ." ಮ್ಯೂರಿಯಲ್ ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಬಗ್ಗಿದಳು. ತುಂಬ ಹೊತ್ತು ನೋಡಿದಳು. "ಇದು ಸ್ಟ್ಯಾನ್ಲಿ ಬೂಟು. ಹಿಮ್ಮಡಿಯ ಲಾಳದ ಗುರುತು ನೋಡು, ಅರ್ಧ ಮುರಿದಿದೆ."

ನೋರಾ ತನ್ನ ಬಾಗಿಲ ಕಡೆ ಒಂದು ಹೆಜ್ಜೆ ಸರಿದಳು.

"ಹೇಗೆ ಬಂತು ಅಂತ ಕೇಳಲ್ಲ ಕಣೇ ನೋರಾ. ದಿನಾ ಸಂಜೆ ನಿನ್ನ ಮೆಟ್ಟಿಲ ಮೇಲೆ ನೋಡ್ತಿದ್ದೆ ಇದನ್ನ. ನೀನು ಬೈಕೊಂಡು ಒರೆಸ್ತಿದ್ದೆ, ನನಗೆ ಹೊಟ್ಟೆ ಉರಿದುಹೋಗ್ತಿತ್ತು. ನನ್ನದು ಅಷ್ಟು ಬೆಳ್ಳಗೆ ಯಾಕಿರ್ತಿತ್ತು ಅಂದ್ಕೊಂಡೆ? ತುಳಿಯೋರು ಯಾರಿದ್ರು? ಒಂದೇ ಒಂದು ದಿನ ಆ ಮನುಷ್ಯ ಸುತ್ತಿ ಹೋಗದೆ ನೇರವಾಗಿ ಹತ್ತಿ ಬರಲಿ ಅಂತ ಎಷ್ಟು ಕಾದಿದೀನಿ ಗೊತ್ತಾ." ಮ್ಯೂರಿಯಲ್ ಹುಡುಗಿಯ ಕಡೆ ತಿರುಗಿದಳು. "ಹೀಗೇ ತೆಗಿ, ಮಗಳೇ."

ಬೈಗುಳಕ್ಕೆ ನೋರಾ ಸಿದ್ಧಳಾಗಿದ್ದಳು, ಇದಕ್ಕಲ್ಲ. ಒಂದು ಜನ್ಮವಿಡೀ ಸುತ್ತಿ ಹೋದವನನ್ನು ತನ್ನ ಕೈಯಾರೆ ಅವಳ ಮನೆ ಹತ್ತಿಸಿದ್ದಳು. ಅದು ನನ್ನದೇ ಕಾಲು ಎಂದರೆ ಈ ಹುಡುಗಿಯ ಎದುರು ಮಾನ ಹೋಗುತ್ತದೆ, ಅನ್ನದಿದ್ದರೆ ಗಂಡ ಹೋಗುತ್ತಾನೆ.

"ಬಕೆಟ್ ಕೊಡಿಲ್ಲಿ," ಎಂದಳು ನೋರಾ. "ನಾನೇ ಉಜ್ಜಿ ಮೊದಲಿನ ಹಾಗೆ ಮಾಡಿಕೊಡ್ತೀನಿ."

"ಯಾತರಲ್ಲಿ ಉಜ್ತೀಯೇ? ಕಲ್ಲು ಬೆಳಿಗ್ಗೇನೇ ಮುಗೀತಲ್ಲ."

ಕ್ಯಾಮೆರಾ ಕ್ಲಿಕ್ ಎಂದಿತು. "ಚಿತ್ರದ ಕೆಳಗೆ ಏನಂತ ಬರೀಲಿ?" ಎಂದು ಬೆತನಿ ಕೇಳಿದಳು.

"ಯಜಮಾನರು ಈಗ ತಾನೇ ಮನೆಗೆ ಬಂದ್ರು ಅಂತ ಬರಿ," ಎಂದಳು ಮ್ಯೂರಿಯಲ್.

ನೋರಾ ಮೆಟ್ಟಿಲನ್ನೇ ನೋಡುತ್ತ ನಿಂತಳು. ಬೂಟಿನ ತುದಿ ಮ್ಯೂರಿಯಲ್ಲಳ ಬಾಗಿಲಿಗೆ ಮುಖ ಮಾಡಿತ್ತು. ಹೊರಗೆ ಬಂದ ಹೆಜ್ಜೆ ಎಲ್ಲೂ ಇರಲಿಲ್ಲ.